ಕಣ್ಣು ಕಾಣದ ಬೀದಿ ನಾಯಿಗೆ ಕಾಯಂ ಮನೆ ಹುಡುಕುತ್ತಿದ್ದೇನೆ. ಮಾಲೂರಿನ ತೋಟದವರು ಕೇಳುತ್ತಿದ್ದಾರೆ. ವಿಶಾಲ ಜಾಗ, ಒಳ್ಳೆಯದಲ್ವಾ?

ತೋಟ ಬೇಡ, ದಯವಿಟ್ಟು. ಕೋಲಾರದಲ್ಲಿ ನಾನೂ ಹೀಗೇ ಯೋಚಿಸಿ ನಮ್ಮ ಕರಿಯನನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಉಣ್ಣೆ ಕಚ್ಚಿ ಬಂದ ಜ್ವರದಲ್ಲಿ ಅವನ ಎರಡೂ ಕಣ್ಣು ಹೋಗಿದ್ದವು. ನಮ್ಮದು ಬಾಡಿಗೆ ಮನೆ, ಓನರ್ ಒಪ್ಪಲಿಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಟದವರೊಬ್ಬರು ಕೇಳಿದರು. ಒಳ್ಳೆಯ ಜನ. ಕೊಟ್ಟುಬಿಟ್ಟೆ.

ತೋಟದಲ್ಲಿ ಕೃಷಿ ಹೊಂಡ ಇತ್ತು. ಅದಕ್ಕೆ ಬೇಲಿ ಇಲ್ಲ ಅನ್ನೋದನ್ನು ಕಣ್ಣಾರೆ ನೋಡಿದ್ದೆ. ನೀರಿನ ವಾಸನೆ ಹಿಡಿದು ದೂರ ಇರುತ್ತಾನೆ ಅಂದುಕೊಂಡೆ. ನಮ್ಮ ಕಡೆ ಈ ಹೊಂಡಗಳಿಗೆ ನೀರು ಇಂಗದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪೂರ್ತಿ ಇಳಿಜಾರು, ಮೇಲೆ ಪಾಚಿ. ಕಣ್ಣಿರುವ ನಾಯಿಯೇ ಬಿದ್ದರೂ ಉಗುರಿಗೆ ಹಿಡಿತ ಸಿಗುವುದಿಲ್ಲ. ಕುರುಡು ನಾಯಿಗಂತೂ ದಡ ಯಾವ ಕಡೆ ಅನ್ನೋದೇ ತಿಳಿಯದು, ಸುಸ್ತಾಗುವವರೆಗೆ ಸುತ್ತುತ್ತಲೇ ಇರುತ್ತದೆ. ಕರಿಯ ಅದರಲ್ಲಿ ಬಿದ್ದಿದ್ದನ್ನು ಮೋಟಾರ್ ಹಾಕಲು ಬಂದ ಹುಡುಗ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕರಿಯನನ್ನು ಎತ್ತಿದ. ಆಮೇಲೆ ನ್ಯುಮೋನಿಯಾ ಆಯಿತು. ಹೇಗೋ ಉಳಿದ. ತೋಟದವರನ್ನು ನಾನು ದೂರುವುದಿಲ್ಲ. ಹೊಂಡ ನೋಡಿಯೂ ಬಿಟ್ಟು ಬಂದವಳು ನಾನು.

ಕುರುಡು ನಾಯಿ ಮೂಗು, ಕಿವಿ, ಕಾಲಡಿಯ ನೆಲದಿಂದ ಜಾಗ ಕಲಿಯುತ್ತದೆ. ಜಾಗ ದೊಡ್ಡದಾದಷ್ಟೂ ಅದಕ್ಕೆ ಭಯ ಜಾಸ್ತಿ. ನೀವು ಹುಡುಕಬೇಕಾದ್ದು ಚಿಕ್ಕ ಮನೆ. ಸಾಮಾನು ಆಗಾಗ ಅತ್ತಿತ್ತ ಸರಿಸದವರು, ಹಗಲು ಮನೆಯಲ್ಲೇ ಇರುವವರು ಬೇಕು. ಕರಿಯ ಈಗ ಇರೋದು ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಅಕ್ಕನ ಹತ್ತಿರ. ಹೊಲಿಗೆ ಮಿಷಿನ್ ಸದ್ದಿನ ಗುರುತಿನಲ್ಲೇ ಬಾಗಿಲು, ನೀರಿನ ಬಟ್ಟಲು ಎಲ್ಲ ಹುಡುಕಿಕೊಳ್ಳುತ್ತಾನೆ. ಅವನನ್ನು ಮುಟ್ಟುವ ಮುಂಚೆ ಅಕ್ಕ ಹೆಸರು ಹಿಡಿದು ಕೂಗುತ್ತಾರೆ.

‘ಅಯ್ಯೋ ಪಾಪ’ ಅಂತ ಸುಮ್ನೆ ಕರಗುವವರಿಗೆ ಕೊಡಬೇಡಿ. ರಾತ್ರಿ ಎಲ್ಲಿ ಮಲಗುತ್ತೆ, ಮೆಟ್ಟಿಲು ಇಳಿಯುತ್ತಾ ಅಂತ ಕೇಳುವವರಿಗೆ ಕೊಡಿ. ರೇಬಿಸ್ ಲಸಿಕೆ, ಸಂತಾನಹರಣ ಆಪರೇಷನ್ ಮೊದಲೇ ಮುಗಿಸಿ. ಅದು ಮಲಗುತ್ತಿದ್ದ ಗೋಣಿಚೀಲ ತೊಳೆಯದೇ ಜೊತೆಗೆ ಕಳಿಸಿ, ಹೊಸ ಜಾಗದಲ್ಲಿ ಪರಿಚಯದ ವಾಸನೆ ಅಂತ ಇರುವುದು ಅದೊಂದೇ. ಆಗದಿದ್ದರೆ ನನಗೇ ವಾಪಸ್ ಕೊಡಿ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಂಕೋಚಕ್ಕೆ ರಸ್ತೆಗೆ ಬಿಡುವವರಿದ್ದಾರೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ, ಆದರೆ ರಾತ್ರಿ ಹೊತ್ತು ಹೈವೇ ಬದಿ ಬಿಟ್ಟರೆ ನೋಡುವವರು ಯಾರು?

ಮಾಲೂರಿನವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂದುಬಿಡಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.