ಪೈಥಾನ್ ಕೋಡ್‌ನ ಖಾಲಿ ಜಾಗ ಕೇಳಿಸುವುದು ಹೇಗೆ?

ಪ್ರಶ್ನೆ: ತಂಗಿಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಪಠ್ಯವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಬಳಸಿ, ಕೋಡ್ ಬರೆಯುವ ವಿಎಸ್ ಕೋಡ್‌ನಲ್ಲಿ ಪೈಥಾನ್ ಕಲಿಯುತ್ತಿದ್ದಾಳೆ. ಸಾಲಿನ ಆರಂಭದ ಖಾಲಿ ಜಾಗ, ಕೋಲನ್, ಬ್ರಾಕೆಟ್ ಯಾವುದೂ ಕೇಳಿಸುತ್ತಿಲ್ಲ. ಬೇರೆ ತಂತ್ರಾಂಶ ಬೇಕೆ?

ಉತ್ತರ: ಬೇಡ, ಸೆಟ್ಟಿಂಗ್ ಬದಲಿಸಿದರೆ ಸಾಕು. ಮೊದಲು ವಿಎಸ್ ಕೋಡ್ ತೆರೆದಿರುವಾಗಲೇ ಎನ್‌ವಿಡಿಎ ಕೀ (ಇನ್ಸರ್ಟ್), ಕಂಟ್ರೋಲ್, ಪಿ ಒಟ್ಟಿಗೆ ಒತ್ತಿ, ಆ ಅಪ್ಲಿಕೇಶನ್‌ಗೆ ಮಾತ್ರ ಅನ್ವಯಿಸುವ ಹೊಸ ಪ್ರೊಫೈಲ್ (ಸೆಟ್ಟಿಂಗ್‌ಗಳ ಗುಚ್ಛ) ಮಾಡಿ. ಇಲ್ಲದಿದ್ದರೆ ಪತ್ರಿಕೆ ಓದುವಾಗಲೂ ಪ್ರತಿ ಅಲ್ಪವಿರಾಮ ಕಿವಿ ಕೊರೆಯುತ್ತದೆ.

ಕೋಲನ್ ಕೇಳದಿರಲು ಕಾರಣ, ಓದಿ ಹೇಳುವ ಚಿಹ್ನೆಗಳ ಮಟ್ಟ ಮೂಲತಃ 'ಸಮ್' (ಕೆಲವು) ಎಂದಿರುವುದು. ಎನ್‌ವಿಡಿಎ ಕೀ ಜೊತೆ ಪಿ ಒತ್ತುತ್ತಾ 'ಆಲ್' (ಎಲ್ಲ) ಬರುವವರೆಗೆ ಹೋಗಿ.

ಇಂಡೆಂಟ್, ಅಂದರೆ ಸಾಲಿನ ಆರಂಭದ ಖಾಲಿ ಜಾಗದ ವಿಷಯ ಸ್ವಲ್ಪ ಸೂಕ್ಷ್ಮ. ಎನ್‌ವಿಡಿಎ ಕೀ, ಕಂಟ್ರೋಲ್, ಡಿ ಒತ್ತಿದರೆ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ತೆರೆಯುತ್ತದೆ. ಅಲ್ಲಿ ಲೈನ್ ಇಂಡೆಂಟೇಶನ್‌ಗೆ ಮಾತು, ನಾದ ಅಥವಾ ಎರಡನ್ನೂ ಆರಿಸಬಹುದು. ನಾದ ಹಿತವೆನಿಸುತ್ತದೆ, ಒಂದೊಂದು ಸ್ಪೇಸ್‌ಗೂ ಸ್ವರ ಏರುತ್ತದೆ. ಆದರೆ ಒಂದು ಟ್ಯಾಬ್‌ಗೂ 4 ಸ್ಪೇಸ್‌ಗೂ ಅದೇ ಏರಿಕೆ! ಎರಡೂ ಬೆರೆತ ಫೈಲ್ ಕಿವಿಗೆ ಸರಿಯಾಗಿಯೇ ಕೇಳಿಸಿ, ಓಡಿಸಿದಾಗ ಟ್ಯಾಬ್‌ಎರರ್ ಎಂಬ ದೋಷ ಕೊಡಬಹುದು. ಹಾಗಾಗಿ ಕಲಿಯುವವರಿಗೆ 'ಎರಡೂ' ಮೇಲು. ಬೆರಕೆ ಸಿಕ್ಕರೆ ಎಫ್1 ಒತ್ತಿ 'ಕನ್ವರ್ಟ್ ಇಂಡೆಂಟೇಶನ್ ಟು ಸ್ಪೇಸಸ್' ಆದೇಶ ಕೊಡಿ.

ವಿಎಸ್ ಕೋಡ್‌ನಲ್ಲಿ ಏನೂ ಕೇಳಿಸದಿದ್ದರೆ ಶಿಫ್ಟ್, ಆಲ್ಟ್, ಎಫ್1 ಒತ್ತಿ ಸ್ಕ್ರೀನ್ ರೀಡರ್ ವಿಧಾನ ಚಾಲೂ ಮಾಡಿ. ತಪ್ಪಿರುವ ಸಾಲಿಗೆ ನೇರ ಹೋಗಲು ಎಫ್8. ಕೋಡ್‌ಗೆ ಇಂಗ್ಲಿಷ್ ಧ್ವನಿಯನ್ನೇ ಇಡಿ.