ಕತ್ತಲೆಗೆ ಹೆದರುವವರೂ ಗುಹೆಗೆ ಬರಬಹುದಾ?

ಪ್ರಶ್ನೆ: ಶಿರಸಿಯ ನಾವು ಹತ್ತು ಜನ ಸೇರಿ ಗುಹೆ ಸುತ್ತುವ ಬಳಗ ಕಟ್ಟಿದ್ದೇವೆ. ತಿಂಗಳಿಗೊಂದು ಭಾನುವಾರ ಮನೆಯವರನ್ನೂ ಕರೆದುಕೊಂಡು ಹೋಗುವ ಆಸೆ, ಆದರೆ ಅರ್ಧ ಜನಕ್ಕೆ ಕತ್ತಲೆ ಅಂದ್ರೆ ಭಯ. ಎಲ್ಲಿಂದ ಶುರು ಮಾಡೋಣ?

ಉತ್ತರ: ಯಾಣದಿಂದಲೇ ಶುರು ಮಾಡಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಸುಣ್ಣದಕಲ್ಲು, ನೀರು ಕರಗಿಸಿ ಕೊರೆದದ್ದು. ಬಂಡೆಯ ಬಿರುಕಿನೊಳಗೆ ನಡೆಯುವಾಗಲೂ ಮೇಲಿಂದ ಬೆಳಕು ಬೀಳುತ್ತದೆ, ಹೆದರುವವರಿಗೆ ಅಷ್ಟು ಸಾಕಲ್ವಾ? ಬುತ್ತಿ ಕಟ್ಟಿಕೊಂಡು ಹೋಗಿ, ಕಸ ವಾಪಸ್ ತನ್ನಿ.

ಆಮೇಲೆ ದಾಂಡೇಲಿ ಕಡೆಯ ಕವಳಾ ಗುಹೆ. ಅದು ಹುಲಿ ಕಾಡು, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ, ಮಳೆಗಾಲದಲ್ಲಂತೂ ಬೇಡ. ಒಳಗೆ ತೆವಳಬೇಕು. ಹೆಲ್ಮೆಟ್ ಇರಲಿ, ಒಬ್ಬೊಬ್ಬರ ಹತ್ತಿರವೂ 3 ಟಾರ್ಚ್ ಇರಲಿ. ಅಲ್ಲಿನ ಲಿಂಗ ಸುಣ್ಣ ಕರಗಿದ ನೀರು ಹನಿಹನಿಯಾಗಿ ಬಿದ್ದು ಬೆಳೆದ ಕಲ್ಲು, ಕೈಯ ಜಿಡ್ಡು ತಾಗಿದರೆ ಇಂಥ ಕಲ್ಲು ಬೆಳೆಯುವುದೇ ನಿಲ್ಲಬಹುದು, ದಯವಿಟ್ಟು ಮುಟ್ಟಬೇಡಿ. ಬಾವಲಿಗಳತ್ತ ಸುಮ್ನೆ ಬೆಳಕು ಬಿಡಬೇಡಿ.

ಒಳಗೆ ಬರದವರಿಗೆ ದೊಡ್ಡ ಕೆಲಸವೇ ಇದೆ: ಯಾರು ಒಳಗೆ ಹೋದರು, ಎಷ್ಟೊತ್ತಿಗೆ ಬರಬೇಕು ಅಂತ ಬರೆದಿಟ್ಟುಕೊಂಡು ಗುಹೆಯ ಬಾಯಲ್ಲೇ ಕಾಯುವುದು. ಅವರಿಲ್ಲದೆ ಯಾರೂ ಒಳಗೆ ಇಳಿಯಬಾರದು.