ಆ ‘ಸುಮ್ನೆ’ ಬಿಡಿ, ಅಕ್ಕೋರೇ

ಓದುಗರ ಪತ್ರ:

“ನಮಸ್ಕಾರ. ನನಗೆ 41 ವರ್ಷ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಟೀಚರ್. ಎರಡು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ. ಹೋದ ತಿಂಗಳು ಒಬ್ಬೊಬ್ಬರೇ ಗಡಿಯಾರದ ಜೊತೆ ಪೈಪೋಟಿ ಮಾಡುವ, ಹವ್ಯಾಸಿಗಳ 20 ಕಿ.ಮೀ. ಟೈಮ್ ಟ್ರಯಲ್‌ಗೆ ಹೋಗಿದ್ದೆ. ಹೆಂಗಸರು ಆರು ಜನ ಇದ್ದೆವು, ನಾನೇ ಕೊನೆಯವಳು. 44 ನಿಮಿಷ 20 ಸೆಕೆಂಡ್ ಹಿಡಿಯಿತು. ಹೋಗುವಾಗ 20.50, ಬರುವಾಗ 23.30. ಗಾಳಿಯೇನೂ ಇರಲಿಲ್ಲ. ಬಹುಮಾನ ಕೊಟ್ಟ ಮೇಲೆ ಮೈಕಿನವರು ‘ಭಾಗವಹಿಸಿದ ಅಕ್ಕಂದಿರಿಗೂ ಒಂದು ಚಪ್ಪಾಳೆ’ ಅಂದರು. ಮನೆಗೆ ಬಂದು ‘ಸುಮ್ನೆ ಹೋಗಿದ್ದೆ’ ಅಂದೆ. ಅತ್ತೆ ‘ಈ ವಯಸ್ಸಿಗೆ ಯಾಕ ಬೇಕವ್ವ ಈ ಉಸಾಬರಿ’ ಅಂದರು. ನಿಜ ಹೇಳಬೇಕೆಂದರೆ, 40 ನಿಮಿಷದೊಳಗೆ ಮುಗಿಸಬೇಕು ಅನ್ನೋ ಆಸೆ ನನಗೆ. ಕೋಚ್ ಇಲ್ಲ. ಬಹುಮಾನ ಬರಲ್ಲ ಅಂತಲೂ ಗೊತ್ತು. ಇದು ಹುಚ್ಚಾ? ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಅಕ್ಕೋರೇ, ನಿಮ್ಮ ಕಡೆ ಟೀಚರನ್ನು ಹೀಗೇ ಕರೆಯುತ್ತಾರೆ ಅಲ್ವಾ? ಹೆಸರು ಬೇಡ ಅಂದಿದ್ದೀರಿ, ನಾನೂ ಹಾಗೇ ಕರೆಯುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯವರಾಗಿ ಬಂದದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಆ ‘ಸುಮ್ನೆ’ ಮಾತ್ರ ಚುಚ್ಚಿತು. ಸುಮ್ನೆ ಹೋದವರು ಹೋಗುವಾಗ ಎಷ್ಟು, ಬರುವಾಗ ಎಷ್ಟು ಅಂತ ಸೆಕೆಂಡ್ ಲೆಕ್ಕ ಬರೆದಿಡುತ್ತಾರೆಯೇ? ನೀವು ಸುಮ್ನೆ ಹೋಗಿರಲಿಲ್ಲ. ಗಂಡಸು ರೇಸಿಗೆ ಹೊರಟರೆ ‘ಈ ಸಲ ಹೊಡೀತೀನಿ ನೋಡು’ ಅಂತ ಊರಿಗೆಲ್ಲ ಸಾರಿ ಹೊರಡುತ್ತಾನೆ. ನಾವು ಹೆಂಗಸರು ಮಾತ್ರ ಬೇಕು ಅನ್ನುವುದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತೇವೆ.

ನಿಮ್ಮ ಕಡೆಗೆ ಸೈಕಲ್ ರೇಸ್ ಹೊಸದೇನಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹುಡುಗಿಯರು ರಾಷ್ಟ್ರೀಯ ಕೂಟಗಳಿಂದ ಪದಕ ತರಲು ಶುರುಮಾಡಿ ದಶಕಗಳೇ ಆದವು. ಕ್ರೀಡಾ ಹಾಸ್ಟೆಲ್ ಹುಡುಗಿಯರು ಬೆಳಗಿನ ಜಾವ ಹೈವೇಯಲ್ಲಿ ಸಾಲಾಗಿ ಹೋಗುವುದನ್ನು ನೀವೂ ನೋಡಿರುತ್ತೀರಿ. ಆದರೆ ಆ ವಯಸ್ಸಿಗೆ ಊರು ಬೆನ್ನು ತಟ್ಟುತ್ತದೆ. ನಲವತ್ತು ದಾಟಿದ ಹೆಂಗಸು ಹೆಲ್ಮೆಟ್ ಹಾಕಿ ಹೊರಟರೆ ಅದೇ ಊರಿಗೆ ಉಸಾಬರಿ.

ನಿಮಗೆ ಒಬ್ಬ ಹೆಂಗಸಿನ ಕಥೆ ಹೇಳಬೇಕು. ಬೆರಿಲ್ ಬರ್ಟನ್, ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯವಳು, ಹುಟ್ಟಿದ್ದು 1937ರಲ್ಲಿ. ಚಿಕ್ಕವಳಿದ್ದಾಗ ರುಮ್ಯಾಟಿಕ್ ಜ್ವರ ಬಂದು ಒಂಬತ್ತು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದಳು. ಆಮೇಲೂ ವರ್ಷದ ಮೇಲೆ ಆರೈಕೆಯಲ್ಲೇ ಕಳೆದಳು. ಮದುವೆಯಾದದ್ದು ಸೈಕಲ್ ಹುಚ್ಚಿನ ಚಾರ್ಲಿಯನ್ನು. ಮೊದಮೊದಲು ಅವನೇ ಬೆನ್ನಿಗೆ ಕೈಕೊಟ್ಟು ತಳ್ಳಬೇಕಿತ್ತಂತೆ. ಆಮೇಲೆ ತಳ್ಳುವುದಿರಲಿ, ಅವನು ಹಿಂದೆ ಉಳಿದ. ಅದಕ್ಕೇನೂ ಬೇಜಾರು ಮಾಡಿಕೊಳ್ಳದೆ ಅವಳ ಸೈಕಲ್ ರಿಪೇರಿ ಮಾಡಿದ, ರೇಸಿಗೆ ಕರೆದುಕೊಂಡು ಹೋದ, ಮಗಳನ್ನು ನೋಡಿಕೊಂಡ. (ಇಂಥ ಗಂಡನ ಬಗ್ಗೆಯೂ ಒಂದು ಲೇಖನ ಹಾಕಬೇಕು.)

ಬೆರಿಲ್ ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದಳು. ಹೊಟ್ಟೆಪಾಡಿಗೆ ರೂಬಾರ್ಬ್ ಅನ್ನೋ ಹುಳಿ ದಂಟು ಬೆಳೆಯುವ ತೋಟದಲ್ಲಿ ಮೈಮುರಿದು ದುಡಿಯುತ್ತಿದ್ದಳು. ಇಷ್ಟರ ನಡುವೆ ಏಳು ಸಲ ವಿಶ್ವ ಚಾಂಪಿಯನ್ ಆದಳು. ಒಲಿಂಪಿಕ್ಸ್ ಪದಕ ಒಂದೂ ಇಲ್ಲ. ಯಾಕೆಂದರೆ ಹೆಂಗಸರ ಸೈಕಲ್ ರೇಸ್ ಒಲಿಂಪಿಕ್ಸ್‌ಗೆ ಬಂದದ್ದೇ 1984ರಲ್ಲಿ. ಗಂಡಸರದು 1896ರಿಂದ ಇತ್ತು!

1967ರ ಸೆಪ್ಟೆಂಬರಿನಲ್ಲಿ 12 ಗಂಟೆಗಳ ಟೈಮ್ ಟ್ರಯಲ್ ನಡೆಯಿತು. ಅಷ್ಟು ಹೊತ್ತಿನಲ್ಲಿ ಯಾರು ಹೆಚ್ಚು ದೂರ ಹೊಡೆಯುತ್ತಾರೋ ಅವರು ಗೆದ್ದಂತೆ. ಇದರಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಯಾರೂ ಯಾರ ಹಿಂದೆಯೂ ಅಂಟಿಕೊಂಡು, ಅವರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಗಂಡಸರನ್ನು ಮೊದಲೇ ಬಿಟ್ಟಿದ್ದರು. ಬೆರಿಲ್ ಒಬ್ಬೊಬ್ಬರನ್ನೇ ದಾಟುತ್ತಾ ಬಂದಳು. ಕೊನೆಗೆ ಉಳಿದವನು ಮೈಕ್ ಮೆಕ್‌ನಮಾರ. ಅವನೂ ಅವತ್ತು ಗಂಡಸರ ದಾಖಲೆ ಮುರಿಯುವ ಹಾದಿಯಲ್ಲಿದ್ದ. ಪಕ್ಕಕ್ಕೆ ಬಂದಾಗ ಬೆರಿಲ್‌ಗೆ ಏನೋ ಪಾಪ ಅನ್ನಿಸಿತು. ಜೇಬಿಗೆ ಕೈಹಾಕಿ ಜೇಷ್ಠಮಧುವಿನ ಒಂದು ಮಿಠಾಯಿ ತೆಗೆದು ಕೊಟ್ಟಳು. ಅವನು ಥ್ಯಾಂಕ್ಸ್ ಹೇಳಿ ಬಾಯಿಗೆ ಹಾಕಿಕೊಂಡ. ಅವಳು ಮುಂದೆ ಹೋದಳು.

ಅವತ್ತು ಅವಳು ಹೊಡೆದದ್ದು 277.25 ಮೈಲಿ, ಅಂದರೆ ಸುಮಾರು 446 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ಇನ್ನೂ ಮುಂದೆ ಹೋದ ಹಾಗೆ. ಮೆಕ್‌ನಮಾರನದು 276.52 ಮೈಲಿ, ಗಂಡಸರಲ್ಲಿ ಹೊಸ ದಾಖಲೆ. ಅವನ ದಾಖಲೆಯನ್ನು ಮೀರಿಸಿದವಳು ಅದೇ ದಿನ, ಅದೇ ರಸ್ತೆಯಲ್ಲಿ ಮಿಠಾಯಿ ಕೊಟ್ಟು ಹೋದ ಹೆಂಗಸು. ಹೆಂಗಸರಲ್ಲಿ ಆ ದಾಖಲೆ 2017ರವರೆಗೂ, ಐವತ್ತು ವರ್ಷ ಉಳಿಯಿತು.

ಬೆರಿಲ್ ಯಾವತ್ತೂ ‘ಸುಮ್ನೆ’ ಅಂದವಳಲ್ಲ. ಅದು ಕೆಲವೊಮ್ಮೆ ಅತಿಯೂ ಆಯಿತು. 1976ರ ರಾಷ್ಟ್ರೀಯ ರೇಸಿನಲ್ಲಿ ಅವಳನ್ನು ಸೋಲಿಸಿದ್ದು ಸ್ವಂತ ಮಗಳು ಡೆನಿಸ್. ತಾಯಿ ಮಗಳ ಕೈಕುಲುಕಲಿಲ್ಲ. ಅದು ನನಗೆ ಇಷ್ಟವಾಗುವುದಿಲ್ಲ, ನಿಮಗೂ ಆಗಲಿಕ್ಕಿಲ್ಲ. ಆದರೂ ಅವಳನ್ನು ದೇವತೆ ಮಾಡಿ ಬರೆಯುವುದಕ್ಕಿಂತ ಇದನ್ನೂ ಹೇಳುವುದು ವಾಸಿ. ಬೇಕು ಅನ್ನುವುದಕ್ಕೆ ಹೀಗೊಂದು ಚೂಪಾದ ಅಂಚೂ ಇರುತ್ತದೆ.

ಕೋಚ್ ಇಲ್ಲ ಅಂದಿರಿ. 2021ರ ಟೋಕಿಯೋ ಒಲಿಂಪಿಕ್ಸ್‌ನ ರೋಡ್ ರೇಸ್ ಗೆದ್ದ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್‌ಗೂ ಆಗ ವೃತ್ತಿಪರ ತಂಡ ಇರಲಿಲ್ಲ. ಗಣಿತದಲ್ಲಿ ಪಿಎಚ್.ಡಿ. ಮಾಡಿದಾಕೆ. ಏನು ತಿನ್ನಬೇಕು, ಎಷ್ಟು ಹೊಡೆಯಬೇಕು ಅಂತ ತಾನೇ ಲೆಕ್ಕ ಹಾಕಿಕೊಂಡಿದ್ದಳು. 137 ಕಿ.ಮೀ. ರೇಸಿನಲ್ಲಿ ಬಾವುಟ ಬೀಸಿದ ಕ್ಷಣದಿಂದಲೇ ಮುಂದೆ ಹೋದಳು, ಕೊನೆಯ 41 ಕಿ.ಮೀ. ಒಬ್ಬಳೇ. ಎರಡನೆಯವಳಾಗಿ ಬಂದ ನೆದರ್ಲೆಂಡ್ಸಿನ ವ್ಯಾನ್ ವ್ಲೂಟೆನ್ ತಾನೇ ಗೆದ್ದೆ ಅಂತ ಕೈ ಎತ್ತಿದ್ದಳು. ಮುಂದೆ ಒಬ್ಬಳು ಹೋಗಿದ್ದಾಳೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಿಮ್ಮ ವೇಗ ಗಂಟೆಗೆ 27 ಕಿ.ಮೀ. 40 ನಿಮಿಷಕ್ಕೆ 30 ಬೇಕು. ಮೂರೇ ಕಿಲೋಮೀಟರ್ ಅಲ್ವಾ ಅನ್ನಿಸುತ್ತದೆ. ಆದರೆ ಗಾಳಿ ಸುಲಭಕ್ಕೆ ಬಿಡುವುದಿಲ್ಲ. 27ರಿಂದ 30ಕ್ಕೆ ಏರಿದರೆ, ಗಾಳಿಯನ್ನು ಸೀಳಲಿಕ್ಕೇ ಮೂರನೇ ಒಂದು ಪಾಲಿಗಿಂತ ಜಾಸ್ತಿ ಶಕ್ತಿ ಬೇಕು. ಆದ್ದರಿಂದ ಈ ವರ್ಷಕ್ಕೆ 42.30 ಇಟ್ಟುಕೊಳ್ಳಿ. 40 ಆಮೇಲೆ.

ಅದರಲ್ಲಿ ಒಂದಷ್ಟು ಸೆಕೆಂಡ್ ನಿಮ್ಮ ಪತ್ರದಲ್ಲೇ ಬಿದ್ದಿವೆ. ಗಾಳಿಯಿಲ್ಲದ ರಸ್ತೆಯಲ್ಲಿ ಹೋಗುವಾಗ 20.50, ಬರುವಾಗ 23.30 ಅಂದರೆ ಮೊದಲೇ ಉಸಿರು ಖರ್ಚಾಗಿದೆ. ಮೊದಲ ಮೂರು ಕಿಲೋಮೀಟರ್ ‘ಇದು ಜಾಸ್ತಿ ನಿಧಾನ ಆಯ್ತು’ ಅನ್ನಿಸುವ ಹಾಗೆ ಹೊಡೆಯಿರಿ. ಮೊಣಕೈ ಬಗ್ಗಿಸಿ, ಎದೆ ತಗ್ಗಿಸಿ. ಪಟಪಟ ಹಾರುವ ಅಂಗಿ ಬೇಡ, ಮೈಗಂಟುವ ಜೆರ್ಸಿ ಇರಲಿ. ಯಾರಾದರೂ ಏನಾದರೂ ಅಂದರೆ, ಗಾಳಿಗೆ ಹಾಕಿಕೊಂಡಿದ್ದೇನೆ ಅನ್ನಿ. ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಬೇರೆ ಒಳಉಡುಪು ಹಾಕಬೇಡಿ, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಒಂದು ವಾರ ನೋವು ತಿಂದು ಕಲಿತೆ. ವಾರದಲ್ಲಿ ಒಂದು ದಿನ ಎಂಟೆಂಟು ನಿಮಿಷ ಜೋರಾಗಿ, ನಡುವೆ ನಾಲ್ಕು ನಿಮಿಷ ನಿಧಾನ, ಹೀಗೆ ನಾಲ್ಕು ಸಲ ಮಾಡಿ. ಉಳಿದ ದಿನ ಮಾತಾಡುತ್ತಾ ಹೊಡೆಯುವಷ್ಟೇ ಸಾಕು. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ರಕ್ತ ಕಮ್ಮಿ ಇದ್ದರೆ ಎಷ್ಟು ತುಳಿದರೂ ಕಾಲು ಮಾತು ಕೇಳುವುದಿಲ್ಲ.

ಅತ್ತೆಗೆ ಏನು ಹೇಳುವುದು? ‘42.30’ ಅನ್ನಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ಏನದು ಅಂತ ಅವರೇ ಕೇಳುತ್ತಾರೆ.

ಇನ್ನೊಂದು ಮಾತು. ಬೆಳಗಿನ ಜಾವ ಕತ್ತಲು ಅಂತ ಮನೆಯಿಂದ ಯಾರಾದರೂ ಸ್ಕೂಟರಿನಲ್ಲಿ ಜೊತೆಗೆ ಬಂದರೆ, ಹಿಂದೆಯೇ ಬರಲಿ. ಅವರು ಮುಂದೆ ಹೋದರೆ ನಿಮ್ಮ ಗಾಳಿಯನ್ನು ಅವರೇ ಕುಡಿಯುತ್ತಾರೆ. 42.30 ಬಂದರೂ ಅದರಲ್ಲಿ ಅರ್ಧ ಸ್ಕೂಟರಿನದು.